ಪಿನ್ನಿನ ಡಬ್ಬಿ

ಸೋಮವಾರ ಬೆಳಿಗ್ಗೆ ಎಂಟಕ್ಕೆ
ಫಿಲೊಮೆನಾ ಬಾಯಿ ಕಾಗದದ ಕಟ್ಟು ಕೈಗಿಡುತ್ತಾರೆ:
ಹಳೇದು ಕೀಳು, ಹೊಸದು ಹಚ್ಚು, ಸೊಟ್ಟ ಆಗಬಾರದು.
ಬಂದರಿನ ಕೆಂಪು ಧೂಳು ಗಾಜಿಗೆ ಕೂತಿರುತ್ತದೆ,
ಸೆರಗಿನಿಂದ ಒರೆಸಿ ಬಾಗಿಲು ತೆಗೆಯುತ್ತೇನೆ.
ಹನ್ನೊಂದು ವರ್ಷ. ಈ ಹಸಿರು ಬಟ್ಟೆಗೆ
ನನ್ನಷ್ಟು ತೂತು ಹಾಕಿದವರು
ವಾಸ್ಕೋದ ಈ ಕಾಲೇಜಿನಲ್ಲಿ ಇನ್ನೊಬ್ಬರಿಲ್ಲ.

ಮಂಗಳವಾರ ಅಣಬೆ ಬೆಳೆಯುವ ಕಾರ್ಯಾಗಾರ:
ಒಣಹುಲ್ಲು ತರಿಸಬೇಕು, ಎರಡು ಬಕೀಟು ಬಿಸಿನೀರು.
ಬುಧವಾರ ರಕ್ತದಾನ, ಬಿಸ್ಕೀಟಿನ ಲೆಕ್ಕ ನನ್ನದು.
ಕಳೆದ ಸಲ ಕೊಟ್ಟವರು ನಲವತ್ತು,
ತಿಂದವರು ತೊಂಬತ್ತು.
ಗುರುವಾರ ಕೊಂಕಣಿ ಕವಿಗೋಷ್ಠಿ.
ಮೂವತ್ತು ಕುರ್ಚಿ ಹಾಕು ಎನ್ನುತ್ತಾರೆ ಶಾಣು ಸರ್;
ಮೂವತ್ತು ಹಾಕಿದರೆ ಇಪ್ಪತ್ತು ಖಾಲಿ ಕಾಣುತ್ತವೆ,
ನಾನು ಎಂಟೇ ಹಾಕುತ್ತೇನೆ.
ಇಬ್ಬರು ಗೋಡೆಗೆ ಒರಗುತ್ತಾರೆ,
ಗೋಷ್ಠಿ ತುಂಬಿ ತುಳುಕಿತೆಂದು ಸರ್ ಬೀಗುತ್ತಾರೆ.

ಶುಕ್ರವಾರದ ಕಾಗದ ಉದ್ದ, ಪೂರ್ತಿ ಇಂಗ್ಲಿಷು.
ಇಂಗ್ಲಿಷನ್ನು ನಾನು ಓದುವುದು
ಕರೆಂಟಿನ ಬಿಲ್ಲಿನ ಹಾಗೆ, ಅಂಕಿ ಮಾತ್ರ:
ಮೂರೂವರೆ, ಎರಡನೇ ಹಾಲು, ಅರವತ್ತು ಚಹಾ.

ದೀಪ ಆರಿಸುವುದೂ ನನ್ನ ಕೆಲಸವೇ.
ಆರಿಸಿದೆ.
ಪರದೆಯ ಮೇಲೆ ಒಂದು ಗಲ್ಲಿ ಎದ್ದು ಬಂತು,
ನೀಲಿ ತಾಡಪತ್ರಿ, ತಗಡಿನ ಬಾಗಿಲು,
ಬಾಗಿಲ ಮೇಲೆ ಸುಣ್ಣದ ಅಂಕಿ.
ಏಳು ನಾನು ಬರೆದದ್ದು,
ಎರಡು ನನ್ನ ತಮ್ಮನದು, ಅದರ ಬಾಲ ಉದ್ದ.
ಆದರೆ ಎರಡು ಮುಂದೆ ಬಂದು ಕೂತಿತ್ತು,
ಏಳು ಬೆನ್ನು ತಿರುಗಿಸಿ ಹಿಂದೆ ನಿಂತಿತ್ತು.
ಕನ್ನಡದ ಅಂಕಿ.
ತುಂಬಿದ ಹಾಲಿನಲ್ಲಿ ಯಾರಿಗೂ ಏನೂ ತಪ್ಪು ಕಾಣಲಿಲ್ಲ.

ತನಿಕಾ ಭೌಮಿಕ್ ಮೇಡಂ, ಎಲ್ಲಿಂದಲೋ ವಿಮಾನದಲ್ಲಿ ಬಂದವರು,
ಕೈಯಲ್ಲಿನ ಕೆಂಪು ಬೆಳಕನ್ನು ಬಾಗಿಲ ಮೇಲಿಟ್ಟರು.
ಅವ್ವ ಹಿಟ್ಟು ನಾದುತ್ತಿದ್ದ ಜಾಗದಲ್ಲಿ
ಚುಕ್ಕಿ ಸ್ವಲ್ಪ ಹೊತ್ತು ನಡುಗಿತು.
ಗಲ್ಲಿ ಕೆಡವಿದ ಮೇಲೆ
ಈ ಜನ ಎಲ್ಲಿ ಹೋದರೋ ದಾಖಲೆಯಿಲ್ಲ,
ಹಿಂದಿಯಲ್ಲಿ ಹೇಳಿದರು, ನನಗೂ ತಿಳಿಯಿತು.
ನಾನು ಹಿಂದುಗಡೆ ಕಿಟ್ಲಿ ಹಿಡಿದು ನಿಂತಿದ್ದೆ.
ಯಾರಿಗಾದರೂ ಪ್ರಶ್ನೆ ಇದೆಯೇ?
ಇದು ಪರೀಕ್ಷೆಗೆ ಬರುತ್ತದೆಯೇ ಅಂದ ಒಬ್ಬ ಹುಡುಗ.

ಚಹಾ ಸುರಿಯುತ್ತ ಅವರ ಕಿವಿಯ ಹತ್ತಿರ ಅಂದೆ:
ಮೇಡಂ, ನಳ ಬಲಗಡೆ ಅಲ್ಲ, ಎಡಗಡೆ.
ನಿಮ್ಮ ಫೋಟೋ ಉಲ್ಟಾ ಆಗಿದೆ.
ಅವರು ನಕ್ಕರು. ನಗು ಅರ್ಧಕ್ಕೆ ನಿಂತಿತು.
ನಿಮಗೆ ಹೇಗೆ ಗೊತ್ತು?

ಒಂಬತ್ತು ವರ್ಷ ನಸುಕಿನಲ್ಲಿ ಕೊಡ ಹೊತ್ತ ಸೊಂಟಕ್ಕೆ
ಎಡ ಯಾವುದು ಬಲ ಯಾವುದು
ಯಾರೂ ಹೇಳಿಕೊಡಬೇಕಾಗಿಲ್ಲ.
ಅದನ್ನು ಹಿಂದಿಯಲ್ಲಿ ಹೇಳಲು ಬರಲಿಲ್ಲ.
ಬಾಗಿಲ ಮೇಲೆ ಬರೆದಿದೆ ಮೇಡಂ, ಅಂದೆ, ನಮ್ಮ ಅಂಕಿ.

ಅವರು ಅಲ್ಲೇ ಕಂಪ್ಯೂಟರ್ ತೆರೆದು
ಒಂದೇ ಬೆರಳಲ್ಲಿ ಗಲ್ಲಿಯನ್ನು ಮಗುಚಿದರು.
ಏಳು ಮುಂದೆ ಬಂತು, ಎರಡರ ಬಾಲ ನೆಟ್ಟಗಾಯಿತು,
ನಳ ತನ್ನ ಜಾಗಕ್ಕೆ ಹೋಗಿ ನಿಂತಿತು.
ಅಷ್ಟು ಸುಲಭ.
ನನಗೆ ಸಿಟ್ಟು ಬಂತೋ ನಗು ಬಂತೋ, ಇವತ್ತಿಗೂ ಗೊತ್ತಿಲ್ಲ.
ಹೆಸರು ಕೇಳಿದರು. ದ್ಯಾಮವ್ವ ತಳಕೇರಿ.
ಪುಟ್ಟ ವಹಿಯಲ್ಲಿ ಬರೆದುಕೊಂಡರು,
ಒಂದು ವ ಬಿಟ್ಟು.
ಚಹಾ ಆರಿತ್ತು, ಬೇರೆ ಕೊಟ್ಟೆ.

ಸೋಮವಾರ ನಾಲ್ಕು ಪಿನ್ನು ಕಿತ್ತೆ, ಒಂದು ಸೊಟ್ಟ.
ಕಾಗದದ ಬೆನ್ನು ಖಾಲಿ, ಮಗಳ ಲೆಕ್ಕಕ್ಕೆ ಆಗುತ್ತದೆ,
ಮಡಚಿ ಚೀಲಕ್ಕೆ ಹಾಕಿದೆ.
ಹೊಸ ಕಟ್ಟು ಬಿಚ್ಚಿದೆ.
ಜೇನು ಸಾಕಣೆ, ಎರಡನೇ ಹಾಲು,
ಇಪ್ಪತ್ತು ಚಹಾ.